ವಯಸ್ಸಾದ ಕುದುರೆಯ ಕೀಲುನೋವಿಗೆ ಸಪ್ಲಿಮೆಂಟ್ ಆರಿಸುವ ಸರಿಯಾದ ಕ್ರಮ

"ಯಾವ ಪೌಡರ್ ಒಳ್ಳೆಯದು?" ಕೀಲುನೋವಿನ ಕುದುರೆ ಇರುವವರೆಲ್ಲರ ಮೊದಲ ಪ್ರಶ್ನೆ ಇದೇ. ಕೆಲವು ತಿಂಗಳು ಕಳೆದ ಮೇಲೆ ಅದೇ ಜನ ಮತ್ತೆ ಕೇಳುತ್ತಾರೆ: "ಕೊಟ್ಟೆವು, ಏನೂ ಆಗಲಿಲ್ಲ. ಈಗ ಬೇರೆ ಯಾವುದು ಕೊಡೋಣ?" ಬೆಂಗಳೂರು, ಮೈಸೂರಿನ ರೇಸ್‌ಗಳಿಂದ ನಿವೃತ್ತಿಯಾದ ಕುದುರೆಗಳನ್ನು ಸಾಕುವವರಲ್ಲಿ ಇದು ತುಂಬಾ ಜಾಸ್ತಿ. ಓಡುವ ಕಾಲದಲ್ಲಿ ಸವೆದ ಕೀಲುಗಳು ಹದಿನೈದು ದಾಟಿದ ಮೇಲೆ ನೋಯತೊಡಗುತ್ತವೆ. ಆಗ ಮನೆಯವರು ಗಾಬರಿಯಾಗಿ ಸಿಕ್ಕ ಡಬ್ಬಿ ತರುತ್ತಾರೆ.

ಎಡವುವುದು ಡಬ್ಬಿಯ ಆಯ್ಕೆಯಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ. ಡಬ್ಬಿ ಮೊದಲು ಬರುತ್ತದೆ. ಕಾಯಿಲೆ ಗುರುತಿಸುವುದು, ತೂಕ ನೋಡುವುದು, ಲೆಕ್ಕ ಹಾಕುವುದು ಎಲ್ಲ ಆಮೇಲೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟರೆ ಮುಂದಿನದಕ್ಕೆ ಅರ್ಥ ಇರುವುದಿಲ್ಲ.

ಬೇಕಾಗುವ ಸಾಮಾನು

ದರ್ಜಿಯ ಉದ್ದನೆಯ ಟೇಪು, ಅದು ಸಾಲದಿದ್ದರೆ ಒಂದು ಹಗ್ಗ ಮತ್ತು ಸ್ಕೇಲು. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತಕ್ಕಡಿ. ವಿಡಿಯೊ ತೆಗೆಯುವ ಮೊಬೈಲ್. ಒಂದು ನೋಟ್‌ಬುಕ್. ಕುದುರೆ ನೋಡಿ ಅನುಭವ ಇರುವ ಪಶುವೈದ್ಯರ ನಂಬರ್. ತಕ್ಕಡಿಯನ್ನು ಮಾತ್ರ ಬಿಡಬೇಡಿ. ಡಬ್ಬಿಯೊಳಗಿನ ಚಮಚದ ಅಳತೆ ಎಷ್ಟೋ ಸಲ ಲೇಬಲ್‌ನಲ್ಲಿ ಬರೆದ ಗ್ರಾಂಗೆ ಸರಿಹೊಂದುವುದಿಲ್ಲ.

ಹಂತ 1: ಅದು ಕೀಲುನೋವೇ ಎಂದು ಖಚಿತ ಮಾಡಿಕೊಳ್ಳಿ

ಸಂಧಿವಾತದ ಕುದುರೆ ಬೆಳಿಗ್ಗೆ ಲಾಯದಿಂದ ಹೊರಬರುವಾಗ ಬಿಗಿಯಾಗಿ ನಡೆಯುತ್ತದೆ. ಸ್ವಲ್ಪ ದೂರ ನಡೆದ ಮೇಲೆ ಸಡಿಲವಾಗುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ. ಲಾಳ ಕಟ್ಟುವವರು ಕಾಲು ಎತ್ತಿದರೆ ಎಳೆದುಕೊಳ್ಳುತ್ತದೆ. ಮಲಗುವುದು ಕಡಿಮೆಯಾಗುತ್ತದೆ, ಮಲಗಿದರೆ ಏಳಲು ಒದ್ದಾಡುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಇದೆಲ್ಲ ಹೆಚ್ಚಾಗಿ ಕಾಣುತ್ತದೆ.

ಆದರೆ ಕುಂಟುವ ಮುದಿ ಕುದುರೆಗಳಿಗೆಲ್ಲ ಸಂಧಿವಾತವೇ ಇರುವುದಿಲ್ಲ. ಗೊರಸಿನೊಳಗೆ ಕೀವು ಕಟ್ಟಿರಬಹುದು, ಸ್ನಾಯುವಿಗೆ ಪೆಟ್ಟಾಗಿರಬಹುದು, ಬೆನ್ನು ನೋಯುತ್ತಿರಬಹುದು. ಎಲ್ಲಕ್ಕಿಂತ ಹೆದರಬೇಕಾದದ್ದು ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ. ಅದರಲ್ಲಿ ಗೊರಸು ಬಿಸಿಯಾಗುತ್ತದೆ. ಗೊರಸಿನ ಮೇಲಿನ ಗಂಟಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಬಲವಾಗಿ ಹೊಡೆಯುತ್ತದೆ. ಕುದುರೆ ಮುಂಗಾಲುಗಳನ್ನು ಮುಂದೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ, ತಿರುಗಲು ಒಪ್ಪುವುದಿಲ್ಲ. ಹೀಗಿದ್ದರೆ ಮುಂದೆ ಓದಬೇಡಿ, ವೈದ್ಯರಿಗೆ ಫೋನ್ ಮಾಡಿ. ಇದಕ್ಕೆ ಯಾವ ಪೌಡರೂ ಉತ್ತರವಲ್ಲ. ಕಾಯುವ ಪ್ರತಿ ಗಂಟೆಗೂ ಒಳಗಿನ ಹಾನಿ ಹೆಚ್ಚುತ್ತದೆ.

ವೈದ್ಯರು ಕಾಲು ಮಡಿಸಿ ಹಿಡಿದು ಬಿಟ್ಟು ಓಡಿಸಿ ನೋಡುತ್ತಾರೆ. ಬೇಕಿದ್ದರೆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವಿನ ಜಾಗ ಹುಡುಕುತ್ತಾರೆ, ಎಕ್ಸ್‌ರೇ ತೆಗೆಯುತ್ತಾರೆ. ಹತ್ತಿರದಲ್ಲಿ ಈ ಸೌಲಭ್ಯ ಇಲ್ಲದವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಬಹುದು. ರೇಸ್ ಓಡಿದ ಕುದುರೆಗಳಲ್ಲಿ ಮುಂಗಾಲಿನ ಮಂಡಿ ಮತ್ತು ಗೊರಸಿನ ಮೇಲಿನ ಗಂಟು ಹೆಚ್ಚಾಗಿ ಕೆಡುತ್ತವೆ. ಜಿಗಿತ ಮಾಡಿದ ಕುದುರೆಗಳಲ್ಲಿ ಹಾಕ್ ಎನ್ನುವ ಹಿಂಗಾಲಿನ ಕೀಲು ಕೆಡುವುದು ಜಾಸ್ತಿ. ಯಾವ ಕೀಲು, ಎಷ್ಟು ಕೆಟ್ಟಿದೆ ಎಂದು ಕೇಳಿ ಬರೆದುಕೊಳ್ಳಿ. ಕೀಲು ಪೂರ್ತಿ ಸವೆದು ಎಲುಬಿಗೆ ಎಲುಬು ತಾಗುವ ಸ್ಥಿತಿಗೆ ಬಂದಿದ್ದರೆ ಸಪ್ಲಿಮೆಂಟ್‌ನಿಂದ ದೊಡ್ಡದೇನೂ ನಿರೀಕ್ಷಿಸಬೇಡಿ. ಇದು ಮೊದಲೇ ಗೊತ್ತಾದರೆ ಸಾವಿರಾರು ರೂಪಾಯಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುದುರೆಗೆ ಬೇಕಾದ ನೋವಿನ ಔಷಧಿ ಬೇಗ ಸಿಗುತ್ತದೆ.

ಇನ್ನೊಂದು ಪರೀಕ್ಷೆಯ ಬಗ್ಗೆಯೂ ಕೇಳಿ. ಬೇಸಿಗೆ ಬಂದರೂ ಉದ್ದ ಕೂದಲು ಉದುರದಿದ್ದರೆ, ಬೆನ್ನಿನ ಮಾಂಸ ಕರಗಿ ಹೊಟ್ಟೆ ಜೋತುಬಿದ್ದಿದ್ದರೆ ಕುಶಿಂಗ್ಸ್ ಎನ್ನುವ ಹಾರ್ಮೋನ್ ಕಾಯಿಲೆ ಇರಬಹುದು. ಅಂಥ ಕುದುರೆಗೆ ಲ್ಯಾಮಿನೈಟಿಸ್ ಅಪಾಯ ಹೆಚ್ಚು. ಬೆಲ್ಲ ಅಥವಾ ಕಾಕಂಬಿ ಬೆರೆಸಿದ ಸಪ್ಲಿಮೆಂಟ್ ಅದಕ್ಕೆ ಕೊಡಬಾರದು.

ಹಂತ 2: ತೂಕ ಅಳೆಯಿರಿ

ತೂಕ ಗೊತ್ತಿಲ್ಲದೆ ಡೋಸ್ ಲೆಕ್ಕ ಆಗುವುದಿಲ್ಲ. ಲಾರಿ ತೂಗುವ ಕಾಟಾ ಹತ್ತಿರ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ, ಭುಜದ ದಿಬ್ಬದ ಮೇಲಿಂದ ಸುತ್ತು ಹಾಕಿ ಎದೆಯ ಸುತ್ತಳತೆ ತೆಗೆದುಕೊಳ್ಳಿ. ನಂತರ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆಯವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿ ಇರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿ. ಸುತ್ತಳತೆ 180, ಉದ್ದ 160 ಇದ್ದರೆ ತೂಕ ಸುಮಾರು 436 ಕೆಜಿ.

ಈಗ ಪಕ್ಕೆಯ ಮೇಲೆ ಕೈಯಾಡಿಸಿ. ಹಗುರವಾಗಿ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಒತ್ತಿದರೂ ಸಿಗದಿದ್ದರೆ ಕುದುರೆ ದಪ್ಪ ಇದೆ. ಆಗ ಮೊದಲ ಸಪ್ಲಿಮೆಂಟ್ ಎಂದರೆ ಆಹಾರ ಕಡಿಮೆ ಮಾಡುವುದು. ಹೆಚ್ಚಿನ ಪ್ರತಿ ಕಿಲೋ ತೂಕವನ್ನೂ ಅದೇ ನೋಯುವ ಕೀಲು ಹೊರುತ್ತದೆ. ಕೆಲಸ ಮಾಡದ ಕುದುರೆಗೆ ಹುರುಳಿ, ಓಟ್ಸ್, ಬೂಸಾ ಹಳೆಯ ಲೆಕ್ಕದಲ್ಲೇ ಹಾಕುತ್ತಿರುವವರು ತುಂಬಾ ಜನ. ಮೊದಲು ಅದನ್ನು ಇಳಿಸಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಮಿತಿಯಲ್ಲಿಡಿ. ಒಣಹುಲ್ಲನ್ನು ಮಾತ್ರ ದಿನಕ್ಕೆ ದೇಹತೂಕದ 1.5 ಶೇಕಡಕ್ಕಿಂತ ಕೆಳಗೆ ಇಳಿಸಬೇಡಿ. ಒಮ್ಮೆಲೇ ಉಪವಾಸ ಕೆಡವಿದರೆ ಬೇರೆ ಕಾಯಿಲೆಗಳು ಬರುತ್ತವೆ.

ಕುದುರೆ ತೀರಾ ಸಣಕಲಾಗಿದ್ದರೆ ಹಲ್ಲು ತೋರಿಸಿ. ಅಗಿಯಲು ಆಗದ ಕುದುರೆಯ ಬಾಯಿಂದ ಪೌಡರೂ ಅರ್ಧ ಕೆಳಗೇ ಬೀಳುತ್ತದೆ.

ಹಂತ 3: ಗೊರಸು, ನೆಲ, ನಡಿಗೆ ಸರಿ ಮಾಡಿ

ಗೊರಸು ಉದ್ದ ಬೆಳೆದಿದ್ದರೆ ಪ್ರತಿ ಹೆಜ್ಜೆಗೂ ಕೀಲು ತಿರುಚಿಕೊಳ್ಳುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಿ, ಲಾಳ ಬದಲಿಸಿ. ಕಾಲನ್ನು ತುಂಬಾ ಎತ್ತರಕ್ಕೆ, ತುಂಬಾ ಹೊತ್ತು ಎತ್ತಿ ಹಿಡಿಯಬೇಡಿ ಎಂದು ಲಾಳದವರಿಗೆ ಹೇಳಿ. ಲಾಯದ ನೆಲ ಬರೀ ಸಿಮೆಂಟ್ ಆಗಿದ್ದರೆ ರಬ್ಬರ್ ಚಾಪೆ ಹಾಕಿ, ಅದರ ಮೇಲೆ ದಪ್ಪಗೆ ಭತ್ತದ ಹುಲ್ಲು ಹಾಸಿ.

ಕಟ್ಟಿಹಾಕುವುದೇ ದೊಡ್ಡ ಶತ್ರು. "ನೋವಿದೆ, ಪಾಪ ನಿಲ್ಲಲಿ" ಎಂದು ಇಡೀ ದಿನ ಲಾಯದಲ್ಲೇ ಬಿಟ್ಟರೆ ಬಿಗಿತ ಇನ್ನೂ ಹೆಚ್ಚುತ್ತದೆ. ವೈದ್ಯರು ಬೇಡ ಎನ್ನದಿದ್ದರೆ ದಿನಾ ಸಮತಟ್ಟಾದ ಮಣ್ಣಿನ ನೆಲದಲ್ಲಿ ನಿಧಾನವಾಗಿ ನಡೆಸಿ. ಮಳೆಗಾಲದ ಜಾರುವ ಕೆಸರಿನಲ್ಲಿ ಬೇಡ.

ಈ ಮೂರನ್ನು ಸರಿ ಮಾಡಿ ಕೆಲವು ವಾರ ಕಾಯಿರಿ. ಇಷ್ಟರಿಂದಲೇ ಎಷ್ಟೋ ಕುದುರೆಗಳು ಚೆನ್ನಾಗಿ ನಡೆಯಲು ಶುರು ಮಾಡುತ್ತವೆ. ಇವುಗಳ ಜೊತೆಗೇ ಪೌಡರ್ ಕೂಡ ಶುರು ಮಾಡಿದ್ದರೆ ಹೆಸರು ಪೌಡರಿಗೆ ಹೋಗುತ್ತಿತ್ತು, ನೀವು ವರ್ಷಗಟ್ಟಲೆ ಅದನ್ನೇ ಕೊಳ್ಳುತ್ತಿದ್ದಿರಿ.

ಹಂತ 4: ಶುರುವಿನ ಸ್ಥಿತಿಯನ್ನು ದಾಖಲಿಸಿ

ಸಪ್ಲಿಮೆಂಟ್ ಕೊಡುವ ಮೊದಲೇ ವಿಡಿಯೊ ಮಾಡಿ. ಒಂದೇ ಜಾಗ, ಒಂದೇ ಹೊತ್ತು, ಹಗ್ಗವನ್ನು ಅದೇ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಹಿಡಿದಿರಬೇಕು. ಗಟ್ಟಿ ನೆಲದಲ್ಲಿ ಮೂವತ್ತು ಮೀಟರ್ ನಡೆಸಿ, ಆಮೇಲೆ ಅಷ್ಟೇ ದೂರ ಟ್ರಾಟ್ (ನಿಧಾನ ಓಟ) ಮಾಡಿಸಿ. ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ತೆಗೆಯಿರಿ. ಹಗ್ಗ ಸಡಿಲವಾಗಿರಲಿ, ಬಿಗಿ ಹಿಡಿದರೆ ತಲೆಯ ಏರಿಳಿತ ಕಾಣುವುದಿಲ್ಲ. ಮುಂಗಾಲು ನೋಯುವ ಕುದುರೆ ಆ ಕಾಲು ಊರುವಾಗ ತಲೆ ಮೇಲೆತ್ತುತ್ತದೆ.

ನೋಟ್‌ಬುಕ್‌ನಲ್ಲಿ ನಾಲ್ಕೈದು ಸರಳ ವಿಷಯ ಬರೆಯಿರಿ: ಬೆಳಿಗ್ಗೆ ಸಡಿಲವಾಗಲು ಎಷ್ಟು ನಿಮಿಷ ಬೇಕಾಯಿತು, ನಾಲ್ಕೂ ಕಾಲು ಎತ್ತಲು ಬಿಟ್ಟಿತೇ, ಮಲಗಿದ ಗುರುತು ಮೈಮೇಲೆ ಇದೆಯೇ, ಯಾವ ಕೀಲು ಊದಿದೆ, ನೋವಿನ ಔಷಧಿ ಕೊಟ್ಟಿರಾ. "ಪರವಾಗಿಲ್ಲ", "ಚೆನ್ನಾಗಿದೆ" ಎಂದು ಬರೆದರೆ ಮೂರು ತಿಂಗಳ ಮೇಲೆ ಅದರಿಂದ ಏನೂ ತಿಳಿಯುವುದಿಲ್ಲ.

ಹಂತ 5: ಒಂದೇ ಒಂದು ಪದಾರ್ಥ ಆರಿಸಿ

ಸಪ್ಲಿಮೆಂಟ್‌ಗಳ ಪರವಾಗಿರುವ ಪುರಾವೆ ಒಟ್ಟಾರೆ ತೆಳು. ಹಾಗೆಂದು ಎಲ್ಲವೂ ಒಂದೇ ಅಲ್ಲ. ಬ್ರಾಂಡ್ ಹೆಸರು ಬದಿಗಿಟ್ಟು ಒಳಗಿನ ಪದಾರ್ಥ ನೋಡಿ.

ಕೀಲಿನಲ್ಲಿ ಸಹಜವಾಗಿಯೇ ಇರುವ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಎಂಬ ಪದಾರ್ಥಗಳು ಹೆಚ್ಚು ಮಾರಾಟವಾಗುವ ಜೋಡಿ. 500 ಕೆಜಿ ಕುದುರೆಗೆ ದಿನಕ್ಕೆ ಸುಮಾರು 10 ಗ್ರಾಂ ಗ್ಲುಕೋಸಮೈನ್ ಎಂಬುದು ಸಾಮಾನ್ಯ ಅಳತೆ. ತೊಂದರೆ ಏನೆಂದರೆ ಕುದುರೆಯ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಕೊಟ್ಟದ್ದರಲ್ಲಿ ತುಂಬಾ ಸಣ್ಣ ಪಾಲು. ಅಳತೆ ಮಾಡಿದ ಅಧ್ಯಯನಗಳಲ್ಲಿ ಅದು ಹತ್ತು ಶೇಕಡಕ್ಕಿಂತ ಕಡಿಮೆ. ನೆದರ್ಲೆಂಡ್ಸ್‌ನಲ್ಲಿ 24 ಮುದಿ ಕುದುರೆಗಳ ಮೇಲೆ ಮೂರು ತಿಂಗಳು ಮಾಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಮತ್ತು ಎಂಎಸ್‌ಎಂ ಎಂಬ ಗಂಧಕದ ಸಂಯುಕ್ತ ಸೇರಿದ ಮಿಶ್ರಣದಿಂದ ನಡಿಗೆ ಸುಧಾರಿಸಲಿಲ್ಲ. ಆದರೂ ಪೂರ್ತಿ ಡೋಸ್‌ನಲ್ಲಿ ಸಾಮಾನ್ಯವಾಗಿ ಸುರಕ್ಷಿತ, ಎಲ್ಲ ಕಡೆ ಸಿಗುತ್ತದೆ. ಒಮ್ಮೆ ಪ್ರಯತ್ನಿಸಿ ನೋಡಬಹುದು, ಆದರೆ ಜೀವನಪೂರ್ತಿ ನಂಬಿಕೆಯ ಮೇಲೆ ಕೊಡುವ ವಸ್ತು ಅಲ್ಲ.

ಬೆಣ್ಣೆಹಣ್ಣು ಮತ್ತು ಸೋಯಾದ ಸಾರವಾದ ಎಎಸ್‌ಯು ಬಗ್ಗೆ ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು 2007ರಲ್ಲಿ ಒಳ್ಳೆಯ ಅಧ್ಯಯನ ಪ್ರಕಟಿಸಿದರು. ಕುಂಟು ಕಡಿಮೆಯಾಗಲಿಲ್ಲ, ಆದರೆ ಕಾರ್ಟಿಲೇಜ್ ಎನ್ನುವ ಮೃದ್ವಸ್ಥಿಯ ಸವೆತ ಕಡಿಮೆ ಇತ್ತು. ಅಂದರೆ ಇಂದಿನ ನೋವಿಗಿಂತ ಮುಂದಿನ ಹಾನಿ ತಡೆಯುವ ಸಾಧ್ಯತೆ ಇದರಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆಣ್ಣೆಹಣ್ಣಿನ ಎಲೆ, ಸಿಪ್ಪೆ, ಬೀಜ ಕುದುರೆಗೆ ವಿಷ. ಮನೆಯಲ್ಲಿ ಹಣ್ಣು ಅರೆದು ಹಾಕುವ ಪ್ರಯೋಗ ಖಂಡಿತ ಬೇಡ.

ನ್ಯೂಜಿಲೆಂಡ್‌ನ ಹಸಿರು ತುಟಿಯ ಮಸಲ್ ಚಿಪ್ಪಿನ ಸಾರ ನನಗೆ ಹೆಚ್ಚು ಭರವಸೆ ಕೊಡುವ ಪದಾರ್ಥಗಳಲ್ಲಿ ಒಂದು. ಗೊರಸಿನ ಮೇಲಿನ ಗಂಟಿನ ಸಂಧಿವಾತ ಇದ್ದ ಕುದುರೆಗಳಿಗೆ ದೇಹತೂಕದ ಪ್ರತಿ ಕೆಜಿಗೆ 25 ಮಿಲಿಗ್ರಾಂ ಲೆಕ್ಕದಲ್ಲಿ 56 ದಿನ ಕೊಟ್ಟಾಗ ಕುಂಟು ತಗ್ಗಿತ್ತು. 436 ಕೆಜಿ ಕುದುರೆಗೆ ಇದು ದಿನಕ್ಕೆ ಸುಮಾರು 11 ಗ್ರಾಂ. ಮಿಶ್ರಣಗಳಲ್ಲಿ ಹೆಸರಿಗೆ ಮಾತ್ರ ಒಂದೆರಡು ಗ್ರಾಂ ಹಾಕಿರುವುದುಂಟು, ಅದು ಲೆಕ್ಕಕ್ಕೆ ಬರುವುದಿಲ್ಲ.

ಒಮೆಗಾ-3 ಎಣ್ಣೆಗಳಲ್ಲಿ ಕೆಲಸಕ್ಕೆ ಬರುವುದು ಮೀನೆಣ್ಣೆ ಅಥವಾ ಪಾಚಿಯಿಂದ ಬರುವ ಇಪಿಎ, ಡಿಎಚ್‌ಎ ಎಂಬ ಎರಡು ಕೊಬ್ಬಿನಾಮ್ಲಗಳು. ಅಗಸೆ ಬೀಜದಲ್ಲಿ ಇರುವುದು ಬೇರೆ ಬಗೆಯ ಒಮೆಗಾ-3, ಕುದುರೆಯ ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಇವುಗಳಾಗಿ ಬದಲಿಸುತ್ತದೆ. ಅಗಸೆ ಒಳ್ಳೆಯ ಆಹಾರ, ಮೈಗೂದಲು ಹೊಳೆಯುತ್ತದೆ, ಆದರೆ ಅದನ್ನು ಕೀಲಿನ ಔಷಧಿ ಎಂದುಕೊಳ್ಳಬೇಡಿ. ಮನುಷ್ಯರ ಮೀನೆಣ್ಣೆ ಮಾತ್ರೆಯ ಲೆಕ್ಕವನ್ನೂ ನೋಡಿ. ಸಾಮಾನ್ಯ ಮಾತ್ರೆಯಲ್ಲಿ ಎರಡೂ ಸೇರಿ ಸುಮಾರು 300 ಮಿಲಿಗ್ರಾಂ ಇರುತ್ತದೆ. ಕುದುರೆಗಳಿಗೆ ಹತ್ತಾರು ಗ್ರಾಂ ಕೊಟ್ಟು ಪರೀಕ್ಷೆ ಮಾಡಿದ್ದಾರೆ. ನಾಲ್ಕು ಮಾತ್ರೆ ಹಾಕಿ ಫಲ ಕಾಯುವುದು ಸುಮ್ನೆ ದುಡ್ಡು ಚೆಲ್ಲಿದಂತೆ.

ಎಂಎಸ್‌ಎಂ ಅಗ್ಗ, ದಿನಕ್ಕೆ 10ರಿಂದ 20 ಗ್ರಾಂ ಕೊಡುತ್ತಾರೆ. ಮುದಿ ಕುದುರೆಯ ಕುಂಟು ತಗ್ಗುತ್ತದೆ ಎನ್ನಲು ಗಟ್ಟಿ ಆಧಾರ ಕಡಿಮೆ. ಅರಿಶಿನದ ಸಾರ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಅಡುಗೆಮನೆಯ ಪುಡಿಯನ್ನು ಒಂದೆರಡು ಚಮಚ ಹಾಕಿ ಫಲ ನಿರೀಕ್ಷಿಸುವಂತಿಲ್ಲ. ಡೆವಿಲ್ಸ್ ಕ್ಲಾ ಎನ್ನುವ ಗಿಡಮೂಲಿಕೆಯನ್ನು ಗಬ್ಬದ ಕುದುರೆಗೆ, ಹೊಟ್ಟೆಹುಣ್ಣಿನ ಕುದುರೆಗೆ ಕೊಡಬೇಡಿ.

ನನ್ನ ಸಲಹೆ ಹೀಗಿದೆ. ಪೂರ್ತಿ ಡೋಸ್‌ನಲ್ಲಿ ಸಿಗುವುದಾದರೆ ಮಸಲ್ ಸಾರ ಅಥವಾ ಎಎಸ್‌ಯು ಮೊದಲು. ಸಿಗದಿದ್ದರೆ ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ಪೂರ್ತಿ ಡೋಸ್‌ನಲ್ಲಿ ಒಂದು ಸಲ. ಅಷ್ಟೂ ಕೈಗೆಟುಕದಿದ್ದರೆ ಆ ದುಡ್ಡನ್ನು ಲಾಳಕ್ಕೆ, ವೈದ್ಯರಿಗೆ, ವೈದ್ಯರು ಬರೆದ ನೋವಿನ ಔಷಧಿಗೆ ಹಾಕಿ. ಅರ್ಧ ಡೋಸ್‌ಗಿಂತ ಅದು ಎಷ್ಟೋ ಉತ್ತಮ.

ಹಂತ 6: ಲೇಬಲ್ ಓದಿ, ದಿನದ ಖರ್ಚು ಲೆಕ್ಕ ಹಾಕಿ

ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ "ಗ್ಲುಕೋಸಮೈನ್ 50,000 ಮಿಗ್ರಾಂ" ಎಂದಿರುತ್ತದೆ. ಹಿಂಭಾಗದ ಸಣ್ಣ ಅಕ್ಷರ ನೋಡಿದರೆ ಅದು ಒಂದು ಕೆಜಿ ಪೌಡರಿಗೆ. 30 ಗ್ರಾಂ ಚಮಚದಲ್ಲಿ ಸಿಗುವುದು 1,500 ಮಿಗ್ರಾಂ, ಅಂದರೆ ಒಂದೂವರೆ ಗ್ರಾಂ. ಬೇಕಾದದ್ದು ಒಂಬತ್ತು ಹತ್ತು ಗ್ರಾಂ. ಹೀಗಾಗಿ ಮೊದಲು ಹುಡುಕಬೇಕಾದ ಮಾತು "ಎಷ್ಟಕ್ಕೆ?" ಒಂದು ಕೆಜಿಗೋ, ನೂರು ಗ್ರಾಂಗೋ, ಒಂದು ಡೋಸ್‌ಗೋ?

ಇನ್ನೊಂದು ಡಬ್ಬಿ ನೋಡೋಣ. 1 ಕೆಜಿಗೆ 3,000 ರೂಪಾಯಿ, 30 ಗ್ರಾಂ ಚಮಚದಲ್ಲಿ 5 ಗ್ರಾಂ ಗ್ಲುಕೋಸಮೈನ್ ಎಂದುಕೊಳ್ಳಿ. 10 ಗ್ರಾಂ ಬೇಕೆಂದರೆ ದಿನಕ್ಕೆ ಎರಡು ಚಮಚ, 60 ಗ್ರಾಂ. ಡಬ್ಬಿ ಹದಿನಾರು ದಿನ ಬರುತ್ತದೆ. ದಿನಕ್ಕೆ 180 ರೂಪಾಯಿ, ತಿಂಗಳಿಗೆ 5,400. ಮೂರು ತಿಂಗಳ ಪರೀಕ್ಷೆಗೆ 16,200. ಇಷ್ಟು ಖರ್ಚು ಮಾಡಲು ಆಗುವುದೇ ಎಂದು ಶುರುವಿನಲ್ಲೇ ಯೋಚಿಸಿ. ಮಧ್ಯದಲ್ಲಿ ಅರ್ಧಕ್ಕೆ ಇಳಿಸಿದರೆ ಹಾಕಿದ ದುಡ್ಡೂ ವ್ಯರ್ಥ.

ಲೇಬಲ್‌ನಲ್ಲಿ ಬರೆದದ್ದು ಡಬ್ಬಿಯಲ್ಲಿ ಇರುತ್ತದೆಯೇ? 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕುದುರೆಗಳ 23 ಉತ್ಪನ್ನಗಳನ್ನು ಅಳೆದು ನೋಡಿದರು. ಒಂಬತ್ತರಲ್ಲಿ ಹೇಳಿದ್ದಕ್ಕಿಂತ ಕಡಿಮೆ ಗ್ಲುಕೋಸಮೈನ್ ಇತ್ತು. ಅವುಗಳಲ್ಲಿ ನಾಲ್ಕರಲ್ಲಿ ಹೇಳಿದ್ದರ ಮೂವತ್ತು ಶೇಕಡವೂ ಇರಲಿಲ್ಲ. ಆದ್ದರಿಂದ ಕಂಪನಿಗೆ ಬರೆದು ಆ ಬ್ಯಾಚಿನ ಲ್ಯಾಬ್ ವರದಿ ಕೇಳಿ. ಕೊಡುವವರಿಂದ ಮಾತ್ರ ಕೊಳ್ಳಿ. ಬ್ಯಾಚ್ ನಂಬರ್, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಸ್ಪಷ್ಟವಾಗಿರಬೇಕು.

ಬಿಟ್ಟುಬಿಡಬೇಕಾದ ಡಬ್ಬಿಗಳ ಗುರುತುಗಳು: "ಸ್ವಂತ ಮಿಶ್ರಣ" ಎಂದಷ್ಟೇ ಹೇಳಿ ಪ್ರತಿ ಪದಾರ್ಥದ ಪ್ರಮಾಣ ಮುಚ್ಚಿಟ್ಟಿರುವುದು, ಇಪ್ಪತ್ತು ಪದಾರ್ಥಗಳ ಪಟ್ಟಿ, "ಸಂಧಿವಾತ ಗುಣಪಡಿಸುತ್ತದೆ" ಎಂಬ ಮಾತು, ಒಂದೆರಡು ದಿನದಲ್ಲಿ ಫಲ ಎಂಬ ಭರವಸೆ. ಕೊನೆಯದಂತೂ ಅಪಾಯದ ಸೂಚನೆ. ಎರಡೇ ದಿನದಲ್ಲಿ ಕುಂಟು ಮಾಯವಾದರೆ ಒಳಗೆ ಹೇಳದೆ ಬೆರೆಸಿದ ನೋವಿನ ಔಷಧಿ ಅಥವಾ ಸ್ಟೀರಾಯ್ಡ್ ಇರುವ ಅನುಮಾನ ಪಡಬೇಕು.

ಹಂತ 7: ಇವು ಕುದುರೆಯ ಹತ್ತಿರವೂ ಬರಬಾರದು

ದನ, ಕೋಳಿಗಳ ಸಪ್ಲಿಮೆಂಟ್ ಮತ್ತು ಮೇವು ಕುದುರೆಗೆ ಬೇಡ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ದನ ತಡೆದುಕೊಳ್ಳುವ ಪ್ರಮಾಣವೇ ಕುದುರೆಯ ಹೃದಯ ಕೆಡಿಸಿ ಕೊಲ್ಲಬಲ್ಲದು. ಅಳೆಯುವ ಚಮಚ, ಬಕೆಟ್ ಕೂಡ ಬೇರೆಯೇ ಇರಲಿ.

ಮೆಡಿಕಲ್ ಶಾಪಿನ ಮನುಷ್ಯರ ಕೀಲಿನ ಮಾತ್ರೆಗಳಲ್ಲಿ ಗ್ಲುಕೋಸಮೈನ್ ಜೊತೆ ಡಯಾಸೆರಿನ್‌ನಂಥ ಔಷಧಿ ಇರುವುದುಂಟು. ವೈದ್ಯರನ್ನು ಕೇಳದೆ ಹಾಕಬೇಡಿ. ಮನುಷ್ಯರ ನೋವಿನ ಇಂಜೆಕ್ಷನ್ ಅಂತೂ ಬೇಡವೇ ಬೇಡ. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫೆನಾಕ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ 2023ರಿಂದ ನಿಷೇಧಿತ.

ವೈದ್ಯರು ಬ್ಯೂಟ್ ಅಂದರೆ ಫಿನೈಲ್‌ಬ್ಯುಟಝೋನ್ ಬರೆದಿದ್ದರೆ ಅದರ ಜೊತೆ ನೀವಾಗಿಯೇ ಇನ್ನೊಂದು ನೋವಿನ ಔಷಧಿ ಸೇರಿಸಬೇಡಿ. ಹೊಟ್ಟೆಹುಣ್ಣು, ಕರುಳು ಮತ್ತು ಕಿಡ್ನಿಯ ತೊಂದರೆ ಬರುತ್ತದೆ. ಸೆಲೆನಿಯಂ ಎಂಬ ಖನಿಜ ಇರುವ ಎರಡು ಡಬ್ಬಿ ಒಟ್ಟಿಗೆ ಕೊಡುವುದೂ ತಪ್ಪು, ಹೆಚ್ಚಾದರೆ ಅದು ವಿಷ.

ಕುದುರೆ ಇನ್ನೂ ಸ್ಪರ್ಧೆಗೆ ಹೋಗುತ್ತಿದ್ದರೆ ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟ) ನಿಷೇಧಿತ ಪಟ್ಟಿ ನೋಡಿ. ಡೆವಿಲ್ಸ್ ಕ್ಲಾದ ಮುಖ್ಯ ಅಂಶ ಹಾರ್ಪಗೊಸೈಡ್, ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಎರಡೂ ಅದರಲ್ಲಿವೆ.

ಹಂತ 8: 90 ದಿನ ಕೊಡುವ ಕ್ರಮ

ಮೊದಲ ವಾರ ಕಾಲು ಭಾಗದಿಂದ ಶುರು ಮಾಡಿ ನಿಧಾನವಾಗಿ ಪೂರ್ತಿ ಡೋಸ್‌ಗೆ ಏರಿಸಿ. ಒದ್ದೆ ಮಾಡಿದ ಸ್ವಲ್ಪವೇ ಮೇವಿನಲ್ಲಿ ಕಲಸಿ ಮೊದಲು ಕೊಡಿ, ತಿಂದು ಮುಗಿಸಿದ ಮೇಲೆ ಉಳಿದದ್ದು ಹಾಕಿ. ದೊಡ್ಡ ಬಕೆಟ್ಟಿನಲ್ಲಿ ಒಣದಾಗಿ ಉದುರಿಸಿದರೆ ಪೌಡರ್ ತಳದಲ್ಲೇ ಉಳಿಯುತ್ತದೆ. ಯಾರು, ಯಾವ ಹೊತ್ತಿಗೆ ಕೊಡಬೇಕೆಂದು ಸೈಸ್ ಜೊತೆ ಕೂತು ಮಾತಾಡಿ. ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲಿ. ಇಬ್ಬರೂ ಕೊಟ್ಟು ಎರಡು ಡೋಸ್ ಆಗುವುದು, ಯಾರೂ ಕೊಡದೇ ಹೋಗುವುದು ಎರಡೂ ನಡೆಯುತ್ತವೆ.

ಈ 90 ದಿನ ಬೇರೆ ಏನನ್ನೂ ಬದಲಿಸಬೇಡಿ. ಹೊಸ ಮೇವು ಬೇಡ, ಹೊಸ ಬಗೆಯ ಲಾಳ ಬೇಡ, ಎರಡನೇ ಸಪ್ಲಿಮೆಂಟ್ ಬೇಡ. ವೈದ್ಯರು ನೋವಿನ ಔಷಧಿ ಬದಲಿಸಿದರೆ ಆ ದಿನಾಂಕ ಬರೆದುಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿ ಬಿಗಿಯಾಗಿ ಮುಚ್ಚಿಡಿ, ಗಂಟು ಕಟ್ಟಿ ವಾಸನೆ ಬಂದದ್ದನ್ನು ಎಸೆಯಿರಿ. ಮೀನೆಣ್ಣೆಯನ್ನು ಬಿಸಿಲು ತಾಗದ ತಂಪು ಜಾಗದಲ್ಲಿಡಿ.

ಲದ್ದಿ ನೀರಾದರೆ, ಮೇವು ಬಿಟ್ಟರೆ, ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ತಿರುಗಿ ತನ್ನ ಹೊಟ್ಟೆಯ ಕಡೆ ನೋಡುವುದು, ನೆಲ ಕೆರೆಯುವುದು, ಹೊರಳಾಡುವುದು ಕಂಡರೆ ಅದು ಕಾಲಿಕ್ (ತೀವ್ರ ಹೊಟ್ಟೆನೋವು) ಇರಬಹುದು, ತಕ್ಷಣ ಕರೆಯಿರಿ. ಒಂದು ಕೀಲು ದಿಢೀರನೆ ಊದಿ ಬಿಸಿಯಾದರೆ, ಕಾಲು ಊರಲೇ ಆಗದಿದ್ದರೆ ಅದು ತುರ್ತು ಸ್ಥಿತಿ. ಕೀಲಿನೊಳಗೆ ಸೋಂಕು ಅಥವಾ ಮೂಳೆ ಮುರಿತ ಇರಬಹುದು.

ಹಂತ 9: ನಿರ್ಧಾರ

ಮೂವತ್ತು, ಅರವತ್ತು, ತೊಂಬತ್ತನೇ ದಿನ ಹಂತ 4ರಂತೆಯೇ ವಿಡಿಯೊ ತೆಗೆಯಿರಿ. ಕೊನೆಗೆ ಎಲ್ಲವನ್ನೂ ದಿನಾಂಕ ತಿಳಿಸದೆ, ಕ್ರಮ ಬದಲಿಸಿ ವೈದ್ಯರಿಗೋ ಕುದುರೆ ಗೊತ್ತಿರುವ ಇನ್ನೊಬ್ಬರಿಗೋ ತೋರಿಸಿ. ಯಾವುದರಲ್ಲಿ ನಡಿಗೆ ಚೆನ್ನಾಗಿದೆ ಎಂದು ಕೇಳಿ. ದುಡ್ಡು ಹಾಕಿದ, ಕುದುರೆಯನ್ನು ಪ್ರೀತಿಸುವ ನಮ್ಮ ಕಣ್ಣಿಗೆ ಸುಧಾರಣೆ ಕಾಣುವುದು ಸಹಜ, ಅಲ್ವಾ? ಅದಕ್ಕೇ ಬೇರೆಯವರ ಕಣ್ಣು ಬೇಕು.

ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಡೋಸ್ ಹೆಚ್ಚಿಸುತ್ತಾ ಹೋಗಬೇಡಿ. ಕಂಡಿದ್ದರೆ ಒಮ್ಮೆ ಮೂರ್ನಾಲ್ಕು ವಾರ ನಿಲ್ಲಿಸಿ ನೋಡಿ. ಬಿಗಿತ ಮರಳಿ ಬಂದು, ಮತ್ತೆ ಕೊಟ್ಟಾಗ ಕಡಿಮೆಯಾದರೆ ನಿಮ್ಮ ಕುದುರೆಗೆ ಅದು ಕೆಲಸ ಮಾಡುತ್ತಿದೆ ಎಂದು ನಂಬಬಹುದು. ಮರಳಿ ಬರದಿದ್ದರೆ ಸುಧಾರಣೆ ಬಹುಶಃ ಹವಾಮಾನದಿಂದಲೋ ನಡಿಗೆಯಿಂದಲೋ ಬಂದದ್ದು.

ಒಂದು ಪದಾರ್ಥ ಸೋತರೆ ಇನ್ನೊಂದನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬಹುದು. ಎರಡೂ ಸೋತರೆ ಮೂರನೇ ಡಬ್ಬಿ ಹುಡುಕಬೇಡಿ. ಕೀಲಿನೊಳಗೆ ಕೊಡುವ ಇಂಜೆಕ್ಷನ್, ದಿನಾ ಕೊಡಬಹುದಾದ ಕಡಿಮೆ ಡೋಸ್‌ನ ನೋವಿನ ಔಷಧಿ ಇವುಗಳ ಬಗ್ಗೆ ವೈದ್ಯರ ಬಳಿ ಮಾತಾಡಿ. ಕುಶಿಂಗ್ಸ್ ಇದ್ದರೆ ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಮೊದಲು ಅದನ್ನು ನೆನಪಿಸಿ, ಲ್ಯಾಮಿನೈಟಿಸ್ ಅಪಾಯ ಇರುತ್ತದೆ. ಹೋಗುವಾಗ ಆ ನೋಟ್‌ಬುಕ್ ಮತ್ತು ವಿಡಿಯೊಗಳನ್ನು ಜೊತೆಗೆ ಒಯ್ಯಿರಿ. ಮುಂದಿನ ಚಿಕಿತ್ಸೆ ಆರಿಸಲು ವೈದ್ಯರಿಗೆ ಅವು ಬೇಕಾಗುತ್ತವೆ.